8 ತಿಂಗಳಿಗೆ 6.7 ಕೆಜಿ: ಮಗು ತೂಕ ಹಾಕ್ತಿಲ್ಲ, ನನ್ನ ಹಾಲೇ ಸಾಲ್ತಿಲ್ವಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಾವು ತುಮಕೂರಿನವರು, ಹೆಸರು ಹಾಕಬೇಡಿ ದಯವಿಟ್ಟು. ನನ್ನ ಮಗಳಿಗೆ ಈಗ 8 ತಿಂಗಳು. ದಿನ ತುಂಬಿ ಹುಟ್ಟಿದ್ದು, ಆಗ 2.7 ಕೆಜಿ ಇದ್ಲು. 3 ತಿಂಗಳಿಗೆ 5.2, 6 ತಿಂಗಳಿಗೆ 6.4, ಈಗ 6.7. ಎರಡು ತಿಂಗಳಲ್ಲಿ ಬರೀ 300 ಗ್ರಾಂ! 6 ತಿಂಗಳವರೆಗೂ ಎದೆಹಾಲು ಬಿಟ್ಟು ಏನೂ ಕೊಟ್ಟಿಲ್ಲ. ಆಮೇಲೆ ರಜೆ ಮುಗೀತು, ಬ್ಯಾಂಕ್ ಕೆಲಸ, ಬೆಳಗ್ಗೆ 9ಕ್ಕೆ ಮನೆ ಬಿಟ್ರೆ ವಾಪಸ್ ಬರೋದು ಸಂಜೆ 6:30. ಅತ್ತೆ ನೋಡ್ಕೋತಾರೆ. ಬೆಳಗ್ಗೆ ರಾಗಿ ಸರಿ ತೆಳ್ಳಗೆ ಮಾಡಿ ಬಾಟಲಿಯಲ್ಲಿ ಕೊಡ್ತಾರೆ, ಮಧ್ಯಾಹ್ನ ಬೇಳೆ ಕಟ್ಟು ಜೊತೆ ಎರಡು ಚಮಚ ಅನ್ನ ಮಿಕ್ಸಿಗೆ ಹಾಕಿ, ಸಂಜೆ ಸೇಬು ಬೇಯಿಸಿ ಅದರ ನೀರು ಇಲ್ಲಾಂದ್ರೆ ಹಾಲಲ್ಲಿ ಬಿಸ್ಕೆಟ್ ನೆನೆಸಿ. ಬೆಳಗ್ಗೆ, ಸಂಜೆ, ರಾತ್ರಿ ಎದೆಹಾಲು ನಡೀತಿದೆ. ಮಗು ಚುರುಕಾಗೇ ಇದೆ, ಕೂರತ್ತೆ, ತೆವಳತ್ತೆ, ನಗತ್ತೆ. ಆದ್ರೆ ಅತ್ತೆ 'ನಿನ್ನ ಹಾಲು ನೀರು ನೀರು, ಅದಕ್ಕೇ ಮಗು ಸೊರಗಿದೆ' ಅಂತಾರೆ. ಪಕ್ಕದ ಮನೆ ಹುಡುಗ ಇವಳಿಗಿಂತ ವಾರ ಚಿಕ್ಕವನು, 9 ಕೆಜಿ ಇದ್ದಾನೆ. ಮೆಡಿಕಲ್ ಶಾಪಿನವರು ಹಸಿವಿಗೆ ಒಂದು ಸಿರಪ್ ಕೊಟ್ಟಿದಾರೆ, ಇನ್ನೂ ಹಾಕಿಲ್ಲ. ನಾನೇ ಮಗೂನ ಎತ್ಕೊಂಡು ಮನೆ ತೂಕದ ಮಷೀನ್ ಮೇಲೆ ದಿನಾ ನಿಂತು ನೋಡ್ತೀನಿ, ಒಂದಿನ ಜಾಸ್ತಿ ಒಂದಿನ ಕಡಿಮೆ, ತಲೆ ಕೆಟ್ಟು ಹೋಗಿದೆ. ಫಾರ್ಮುಲಾ (ಡಬ್ಬಿ ಹಾಲು) ಶುರು ಮಾಡ್ಲಾ? ಟೆಸ್ಟ್ ಮಾಡಿಸ್ಲಾ? ನಾವು ಸಸ್ಯಾಹಾರಿಗಳು, ನಂಗೆ ಹಾಲು ಮೊಸರು ಅಷ್ಟಾಗಿ ಸೇರಲ್ಲ. ನಾನು ಐದಡಿ ಇದೀನಿ, ನಮ್ಮೆಜಮಾನ್ರು ಐದಡಿ ನಾಲ್ಕು. ಮಗು ಉದ್ದ ಹೋದ ವಾರ ಅಳೆದಾಗ 66 ಸೆಂಟಿಮೀಟರ್ ಚಿಲ್ರೆ. ರಾತ್ರಿ ಎಬ್ಬಿಸಿ ಹಾಲು ಕೊಡಬೇಕಾ ಅನ್ನೋದನ್ನೂ ಹೇಳಿ.

ಉತ್ತರ: ಮೊದಲನೇದಾಗಿ, ಹುಟ್ಟಿದಾಗಿಂದ ತೂಕ ಇಷ್ಟು ನೀಟಾಗಿ ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್, ಎಷ್ಟೋ ಜನ 'ಮಗು ತೂಕ ಇಲ್ಲ ಸಾರ್' ಅಂತ ಒಂದೇ ಲೈನ್ ಕಳಿಸ್ತಾರೆ, ಅದರ ಮೇಲೆ ಏನು ಹೇಳೋದು. ನಿಮ್ಮ ಪತ್ರದಲ್ಲಿ ಕೇಳಿರೋದು ತೂಕದ ಬಗ್ಗೆ, ಆದ್ರೆ ಒಳಗಡೆ ಇರೋ ಪ್ರಶ್ನೆ ಇನ್ನೊಂದು ಅನ್ಸುತ್ತೆ, ನಾನು ಕೆಲಸಕ್ಕೆ ಹೋಗಿದ್ದಕ್ಕೆ ಹೀಗಾಯ್ತಾ, ನನ್ನ ಹಾಲೇ ಸರಿ ಇಲ್ವಾ ಅಂತ. ಎರಡಕ್ಕೂ ಉತ್ತರ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕೂತ್ಕೊಂಡು ಓದಿ, ಸಾಧ್ಯ ಆದ್ರೆ ಅತ್ತೆಗೂ ಓದಿ ಹೇಳಿ.

ನೇರವಾಗಿ ಹೇಳೋದಾದ್ರೆ ನಿಮ್ಮ ಅನುಮಾನ ಅರ್ಧ ಸರಿ. ಮಗು ತೂಕ ಏರೋದು 6 ತಿಂಗಳಾದ ಮೇಲೆ ನಿಜವಾಗ್ಲೂ ನಿಧಾನ ಆಗಿದೆ, ಅದನ್ನ 'ಏನಿಲ್ಲ ಬಿಡಿ, ಓಡಾಡೋ ಮಗು' ಅಂತ ತಳ್ಳಿ ಹಾಕಲ್ಲ. ಆದ್ರೆ ನೀವು ಬರೆದಿರೋ ಊಟದ ಪಟ್ಟಿ ನೋಡಿದ್ರೆ ಕಾರಣ ನಿಮ್ಮ ಹಾಲಲ್ಲಿ ಅಲ್ಲ, ಹಗಲಲ್ಲಿ ಮಗು ಹೊಟ್ಟೆಗೆ ಹೋಗ್ತಿರೋದು ಬಹುಪಾಲು ನೀರು, ಅಲ್ಲಿದೆ.

ಈಗ ಆ ನಂಬರ್‌ಗಳನ್ನ ಒಂದೊಂದಾಗಿ ನೋಡೋಣ. ನಾವು ಮಕ್ಕಳ ತೂಕ ನೋಡೋದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಗೆ ತಂದ ಚಾರ್ಟ್ ಇಟ್ಕೊಂಡು. ಕೆಲವರು 'ಅದು ಬಿಳಿಯರ ಮಕ್ಕಳದ್ದು, ನಮಗೆ ಆಗಲ್ಲ' ಅಂತಾರೆ, ಹಾಗೇನಿಲ್ಲ, ಆರು ದೇಶದ ಎದೆಹಾಲು ಕುಡಿದ ಮಕ್ಕಳನ್ನ ಅಳೆದು ಮಾಡಿದ್ದು, ಅದರಲ್ಲಿ ದೆಹಲಿ ಮಕ್ಕಳೂ ಇದ್ದಾರೆ. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ, ಅದರಲ್ಲೂ ಅದೇ ಚಾರ್ಟ್ ಇರುತ್ತೆ, ಹುಡುಗೀರಿಗೆ ಬೇರೆ ಹುಡುಗರಿಗೆ ಬೇರೆ. 8 ತಿಂಗಳ ಹುಡುಗಿಗೆ ಮಧ್ಯದ ಗೆರೆ 7.9 ಕೆಜಿ. ಇದನ್ನ ನೋಡಿದ ತಕ್ಷಣ 'ಅಯ್ಯೋ ಒಂದು ಕೆಜಿಗಿಂತ ಜಾಸ್ತಿ ಕಮ್ಮಿ' ಅಂತ ಎದೆ ಧಸಕ್ ಅನ್ನಬಾರದು. ಮಧ್ಯದ ಗೆರೆ ಅಂದ್ರೆ ಪಾಸ್ ಮಾರ್ಕ್ ಅಲ್ಲ, ಆರೋಗ್ಯವಾಗಿರೋ ಮಕ್ಕಳಲ್ಲೇ ಅರ್ಧ ಜನ ಅದಕ್ಕಿಂತ ಕೆಳಗೆ ಇರ್ತಾರೆ. ಕಮ್ಮಿ ತೂಕ ಅಂತ ನಾವು ಲೆಕ್ಕ ಹಿಡಿಯೋದು ಈ ವಯಸ್ಸಿನ ಹುಡುಗಿಗೆ 6.3ಕ್ಕಿಂತ ಕೆಳಗೆ ಹೋದಾಗ. ನಿಮ್ಮ ಮಗಳು 6.7, ಅಂದ್ರೆ ಅಂಗನವಾಡಿ ಚಾರ್ಟಲ್ಲಿ ಇನ್ನೂ ಹಸಿರಲ್ಲೇ ಇದ್ದಾಳೆ.

ಹಾಗಾದ್ರೆ ನಾನ್ಯಾಕೆ ಅರ್ಧ ಸರಿ ಅಂದೆ? ಯಾಕಂದ್ರೆ ಒಂದು ದಿನದ ತೂಕಕ್ಕಿಂತ ಮಗು ಯಾವ ಗೆರೆ ಹಿಡ್ಕೊಂಡು ಬರ್ತಿದೆ ಅನ್ನೋದು ಮುಖ್ಯ. ಇವಳು ಹುಟ್ಟಿದಾಗ ಮಧ್ಯದ ಗೆರೆಗಿಂತ ಒಂದು ಮೆಟ್ಟಿಲು ಕೆಳಗಿನ ಗೆರೆ ಹತ್ರ ಇದ್ಲು, 3 ತಿಂಗಳಿಗೆ ಅದೇ ಗೆರೆ, 6 ತಿಂಗಳಿಗೂ ಹೆಚ್ಚುಕಮ್ಮಿ ಅದೇ ಗೆರೆ. ಮೊದಲ 3 ತಿಂಗಳು ದಿನಕ್ಕೆ ಸುಮಾರು 28 ಗ್ರಾಂ ಏರಿದಾಳೆ, ಆ ವಯಸ್ಸಿಗೆ 25ರಿಂದ 30 ಇರಬೇಕು, ಫಸ್ಟ್ ಕ್ಲಾಸ್. ಆಮೇಲಿನ 3 ತಿಂಗಳು ದಿನಕ್ಕೆ 13 ಗ್ರಾಂ, ಅದೂ ಅವಳ ಗೆರೆಗೆ ಸರಿಯಾಗೇ ಇದೆ. ಇದೆಲ್ಲ ನಿಮ್ಮ ಹಾಲಲ್ಲೇ ಆಗಿದ್ದು ತಾನೇ? ಬೇರೆ ಏನೂ ಕೊಟ್ಟಿಲ್ಲ ಅಂತ ನೀವೇ ಬರೆದಿದೀರಿ. 2.7 ಇದ್ದ ಮಗು 6 ತಿಂಗಳಿಗೆ 6.4 ಆಗಿದೆ ಅಂದ್ರೆ ಡಬಲ್ ದಾಟಿ ಹೋಗಿದೆ, 'ನೀರು ನೀರು' ಹಾಲಲ್ಲಿ ಇದು ಆಗೋ ಮಾತಾ? ಅತ್ತೆಗೆ ಈ ಲೆಕ್ಕ ತೋರಿಸಿ ಸಾಕು, ಜಗಳ ಬೇಡ.

6 ತಿಂಗಳ ನಂತರ ತೂಕ ಏರೋ ವೇಗ ಎಲ್ಲ ಮಕ್ಕಳಲ್ಲೂ ಇಳಿಯುತ್ತೆ, ಅದು ಸಹಜ, ಎಷ್ಟೋ ಅಪ್ಪ ಅಮ್ಮಂದಿರು ಮೊದಲ ತಿಂಗಳುಗಳ ಸ್ಪೀಡೇ ಮುಂದುವರೀಬೇಕು ಅಂದ್ಕೊಂಡು ಸುಮ್ನೆ ಗಾಬರಿ ಆಗ್ತಾರೆ. ಆದ್ರೆ ಇವಳು ಹಿಡಿದಿದ್ದ ಗೆರೆಯಲ್ಲೇ ಹೋಗಿದ್ರೂ ಈ ಎರಡು ತಿಂಗಳಲ್ಲಿ ಸುಮಾರು ಅರ್ಧ ಕೆಜಿ ಬರಬೇಕಿತ್ತು. ಬಂದಿರೋದು 300 ಗ್ರಾಂ, ದಿನಕ್ಕೆ 5 ಗ್ರಾಂ. ಹಾಗಾಗಿ ಅವಳು ಆ ಗೆರೆಗೂ ಅದರ ಕೆಳಗಿನ ಗೆರೆಗೂ ಮಧ್ಯ ಬಂದು ನಿಂತಿದಾಳೆ. ಉದ್ದ 66 ಚಿಲ್ರೆ ಅಂದ್ರಿ, ಅದು ಅವಳ ಹಳೇ ಗೆರೆಯಲ್ಲೇ ಇದೆ, ಕುಗ್ಗಿಲ್ಲ. ನೀವಿಬ್ರೂ ಎತ್ತರದವರಲ್ಲ, ಮಗು ಚಿಕ್ಕ ಗಾತ್ರದ್ದೇ ಇರಬಹುದು, ಅದು ದೋಷ ಅಲ್ಲ. ಊಟ ಕಮ್ಮಿ ಬಿದ್ದಾಗ ಮೊದಲು ತೂಕ ಹಿಂದೆ ಬೀಳುತ್ತೆ, ತುಂಬಾ ದಿನ ಹಾಗೇ ಬಿಟ್ರೆ ಉದ್ದ, ಕೊನೆಗೆ ತಲೆ ಸುತ್ತಳತೆ. ನಿಮ್ಮದು ಮೊದಲನೇ ಹಂತದ ಶುರು. ಸರಿ ಮಾಡೋಕೆ ಇದಕ್ಕಿಂತ ಒಳ್ಳೆ ಟೈಮ್ ಇಲ್ಲ.

ಪಕ್ಕದ ಮನೆ ಹುಡುಗನ್ನ ಬಿಟ್ಬಿಡಿ. ಹುಡುಗರ ಚಾರ್ಟೇ ಬೇರೆ, 8 ತಿಂಗಳ ಹುಡುಗನಿಗೆ ಮಧ್ಯದ ಗೆರೆ 8.6, ಅವನು 9 ಇರೋದು ಏನೂ ದೊಡ್ಡ ವಿಷಯ ಅಲ್ಲ. ಡಬ್ಬಿ ಹಾಲು ಕುಡಿಯೋ ಮಗು ಆಗಿದ್ರೆ 3–4 ತಿಂಗಳ ನಂತರ ಎದೆಹಾಲಿನ ಮಕ್ಕಳಿಗಿಂತ ಸ್ವಲ್ಪ ಜಾಸ್ತಿನೇ ತೂಗುತ್ತೆ, ಅದು ಜಾಸ್ತಿ ಆರೋಗ್ಯ ಅಂತ ಅಲ್ಲ.

ಮನೆ ಮಷೀನಿನ ವಿಷಯಕ್ಕೆ ಬರ್ತೀನಿ. ದಯವಿಟ್ಟು ಅದನ್ನ ಮಂಚದ ಕೆಳಗೆ ತಳ್ಳಿ. ದೊಡ್ಡವರ ಮಷೀನ್ 100 ಗ್ರಾಂ ಆಚೀಚೆ ತೋರಿಸೋದು ಮಾಮೂಲಿ, ನಿಮ್ಮ ಮಗು ಹತ್ತು ದಿನಕ್ಕೆ ಏರೋದೇ ಸರಿಯಾಗಿ ಏರಿದ್ರೆ 80–100 ಗ್ರಾಂ, ಇನ್ನು ಅದರಲ್ಲಿ ದಿನಾ ಏನು ಕಾಣುತ್ತೆ? ಒಂದು ಒದ್ದೆ ಡೈಪರೇ 100–150 ಗ್ರಾಂ ತೂಗುತ್ತೆ. ತಿಂಗಳಿಗೊಂದು ಸಲ, ಒಂದೇ ಕಡೆ, ಮಕ್ಕಳ ತೂಕದ ಮಷೀನಲ್ಲಿ, ಬಟ್ಟೆ ಡೈಪರ್ ಎಲ್ಲ ತೆಗೆದು ತೂಗಿಸಿ. ಅಂಗನವಾಡಿಯಲ್ಲೂ ಮಾಡಿಸಬಹುದು, ಕ್ಲಿನಿಕ್ಕಲ್ಲೂ ಮಾಡಿಸಬಹುದು, ಆದ್ರೆ ಒಂದು ತಿಂಗಳು ಅಲ್ಲಿ ಒಂದು ತಿಂಗಳು ಇಲ್ಲಿ ಬೇಡ. ನಿಮ್ಮ 6.4 ಮತ್ತೆ 6.7 ಎರಡೂ ಒಂದೇ ಮಷೀನಲ್ಲಿ ತೂಗಿದ್ದಾ ಅಂತ ನೀವು ಬರೆದಿಲ್ಲ. 6 ತಿಂಗಳಿಗೆ ಸ್ವೆಟರ್ ಟೋಪಿ ಸಮೇತ ತೂಗಿಸಿದ್ರೆ ಕಥೆನೇ ಬೇರೆ ಆಗಬಹುದು, ಅದನ್ನೊಮ್ಮೆ ನೆನಪು ಮಾಡ್ಕೊಳ್ಳಿ.

ಈಗ ಹಾಲು ತೆಳು ಅನ್ನೋ ಮಾತು. ನಾನು ಓಪಿಡಿಯಲ್ಲಿ ಇದನ್ನ ಕೇಳದ ವಾರ ಇಲ್ಲ. ಎದೆಹಾಲು ನೋಡೋಕೆ ತೆಳ್ಳಗೇ ಇರುತ್ತೆ, ಕೊಡೋಕೆ ಶುರು ಮಾಡಿದಾಗ ಬರೋದು ಇನ್ನೂ ತೆಳು, ಕುಡೀತಾ ಕುಡೀತಾ ಕೊಬ್ಬು ಜಾಸ್ತಿ ಆಗ್ತಾ ಹೋಗುತ್ತೆ. ಹಾಗಾಗಿ ಒಂದು ಕಡೆ ಪೂರ್ತಿ ಕುಡಿದು ಮುಗಿಸೋಕೆ ಬಿಡಿ, ಗಡಿಯಾರ ನೋಡ್ಕೊಂಡು ಐದೈದು ನಿಮಿಷಕ್ಕೆ ಬದಲಾಯಿಸಬೇಡಿ. ತಾಯಿ ಸ್ವಲ್ಪ ಸೊರಗಿದ್ರೂ ಹಾಲಿನ ಕ್ಯಾಲೊರಿ ಅಷ್ಟೇನೂ ಇಳಿಯಲ್ಲ, ದೇಹ ಮಗುವಿಗೆ ಮೊದಲು ಕೊಟ್ಟುಬಿಡುತ್ತೆ. ಆದ್ರೆ ಕೆಲವು ವಿಟಮಿನ್‌ಗಳ ವಿಷಯದಲ್ಲಿ ತಾಯಿ ಊಟ ಲೆಕ್ಕಕ್ಕೆ ಬರುತ್ತೆ, ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ವಿಟಮಿನ್ ಬಿ12. ಇದು ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಲ್ಲಿ. ನೀವು ಸಸ್ಯಾಹಾರಿ, ಹಾಲು ಮೊಸರೂ ಸೇರಲ್ಲ ಅಂತ ಬರೆದಿದೀರಲ್ಲ, ಆ ಒಂದು ಲೈನ್ ಓದಿದಾಗ ನಾನು ಸ್ವಲ್ಪ ನಿಂತೆ. ತಾಯಿಯಲ್ಲಿ ಬಿ12 ಕಮ್ಮಿ ಇದ್ರೆ ಹಾಲಲ್ಲೂ ಕಮ್ಮಿ, ಮಗುವಿಗೂ ಕಮ್ಮಿ. ಜಾಸ್ತಿ ಕೊರತೆ ಆದ ಮಕ್ಕಳು ಬಿಳಿಚಿಕೊಳ್ತಾರೆ, ಬೆರಳಿನ ಗಿಣ್ಣು ಕಪ್ಪಾಗುತ್ತೆ, ಕೂದಲು ತೆಳು ಆಗಿ ಕಂದು ಬಣ್ಣಕ್ಕೆ ತಿರುಗುತ್ತೆ, ನಗು ಕಮ್ಮಿ ಆಗುತ್ತೆ, ಕೂರ್ತಿದ್ದ ಮಗು ಕೂರೋದು ಬಿಡುತ್ತೆ, ಕೆಲವಕ್ಕೆ ಕೈ ತಲೆ ನಡುಕ ಬರುತ್ತೆ. ನಿಮ್ಮ ಮಗು ತೆವಳ್ತಾ ನಗ್ತಾ ಇದೆ, ಆ ಮಟ್ಟದ್ದಲ್ಲ. ಆದ್ರೂ ನೀವು ನಿಮ್ಮ ಬಿ12 ಒಂದ್ಸಲ ಚೆಕ್ ಮಾಡಿಸಿ, ಕಮ್ಮಿ ಇದ್ರೆ ನಿಮಗೆ ಟ್ರೀಟ್‌ಮೆಂಟ್ ಬೇಕು, ಮಗುವಿಗೂ ಬೇಕಾಗಬಹುದು. ನಮ್ಮಲ್ಲಿ ಬಾಣಂತಿಗೆ ತಿಂಗಳುಗಟ್ಟಲೆ ಬರೀ ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ ಹಾಕಿ 'ಮೊಸರು ಶೀತ, ಮುಟ್ಟಬೇಡ' ಅಂತ ಕೂರಿಸ್ತಾರಲ್ಲ, ಅದರ ಬಗ್ಗೆ ಬೇರೆ ಯಾವಾಗಾದ್ರೂ ಬರೀತೀನಿ, ಇಲ್ಲಿ ಶುರು ಮಾಡಿದ್ರೆ ಮುಗಿಯಲ್ಲ.

ಅಸಲಿ ವಿಷಯ ಊಟ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲು ಚೆನ್ನಾಗಿ ಸಿಗ್ತಿದ್ರೂ ಮೇಲಿನ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬರಬೇಕು, 9 ತಿಂಗಳಿಂದ ಸುಮಾರು 300. ನೀವು ಹಗಲು ಒಂಬತ್ತೂವರೆ ಗಂಟೆ ಮನೇಲಿರಲ್ಲ, ಅಷ್ಟು ಹೊತ್ತಿನ ಹಾಲು ಕಟ್ ಆಗಿದೆ, ಅಂದ್ರೆ ಊಟದಿಂದ ಬರಬೇಕಾಗಿದ್ದು ಇನ್ನೂ ಜಾಸ್ತಿ. ಈಗ ಏನು ಹೋಗ್ತಿದೆ? ಬಾಟಲಿ ನಿಪ್ಪಲ್‌ನಲ್ಲಿ ಇಳಿಯೋ ಅಷ್ಟು ತೆಳು ಸರಿ ಅಂದ್ರೆ ಒಂದು ಬಾಟಲಿಗೆ ಒಂದು ಟೀ ಚಮಚ ಹಿಟ್ಟು ಇರಬಹುದು, ಅದರಲ್ಲಿ 10 ಕ್ಯಾಲೊರಿ ಚಿಲ್ರೆ, ಅಷ್ಟೇ. ಬೇಳೆ ಕಟ್ಟು ಅಂದ್ರೆ ಬೇಳೆ ಪಾತ್ರೆ ತಳದಲ್ಲಿ, ನೀರು ಮಗು ಬಾಯಲ್ಲಿ. ಬೇಯಿಸಿದ ಸೇಬಿನ ನೀರಲ್ಲಿ ಹೇಳೋಕೆ ಏನೂ ಇಲ್ಲ. ಬಿಸ್ಕೆಟ್ ಅಂದ್ರೆ ಮೈದಾ, ಸಕ್ಕರೆ, ಎಣ್ಣೆ. ಮಗುವಿನ ಹೊಟ್ಟೆ ಎಷ್ಟು ಹಿಡಿಯುತ್ತೆ ಅಂದ್ರೆ ತೂಕದ ಪ್ರತಿ ಕೆಜಿಗೆ ಸುಮಾರು 30 ಎಂಎಲ್, ಇವಳಿಗೆ ಒಂದು ಸಲಕ್ಕೆ 200 ಎಂಎಲ್ ದಾಟಲ್ಲ. ಆ ಜಾಗ ನೀರಲ್ಲಿ ತುಂಬಿಸಿದ್ರೆ ಮಗು 'ಹೊಟ್ಟೆ ತುಂಬ್ತು' ಅಂತ ಮುಖ ತಿರುಗಿಸುತ್ತೆ, ಅತ್ತೆ 'ಚೆನ್ನಾಗಿ ಕುಡೀತು' ಅಂತ ಖುಷಿ ಪಡ್ತಾರೆ, ತೂಕ ಮಾತ್ರ ಅಲ್ಲೇ ಇರುತ್ತೆ. ಮಕ್ಕಳಿಗೆ ತೆಳ್ಳಗಿದ್ರೆ ಜೀರ್ಣ ಆಗುತ್ತೆ ಅನ್ನೋ ನಂಬಿಕೆ ಎಲ್ಲ ಮನೇಲೂ ಇದೆ, ಕೆಟ್ಟ ಉದ್ದೇಶ ಯಾರದ್ದೂ ಅಲ್ಲ. ಆದ್ರೆ 6 ತಿಂಗಳು ತುಂಬಿದ ಮಗು ಗಟ್ಟಿ ಊಟ ಆರಾಮಾಗಿ ಅರಗಿಸ್ಕೊಳ್ಳುತ್ತೆ.

ಗಟ್ಟಿ ಅಂದ್ರೆ ಎಷ್ಟು ಗಟ್ಟಿ? ಚಮಚ ಓರೆ ಮಾಡಿದ್ರೆ ಸುರಿದು ಹೋಗಬಾರದು, ನಿಧಾನಕ್ಕೆ ಜಾರಬೇಕು. ರಾಗಿ ಸರಿನೇ ತಗೊಳ್ಳಿ, ಎರಡು ದೊಡ್ಡ ಚಮಚ ಹಿಟ್ಟು ಅಂದ್ರೆ ಸುಮಾರು 20 ಗ್ರಾಂ, 65 ಕ್ಯಾಲೊರಿ ಹತ್ರ. ಅದಕ್ಕೆ ಒಂದು ಟೀ ಚಮಚ ತುಪ್ಪ, ಅಲ್ಲಿಗೆ ಇನ್ನೊಂದು 45. ಅದೇ ಬಟ್ಟಲು, ಅದೇ ಮಗು, ಹತ್ತರ ಜಾಗದಲ್ಲಿ ನೂರಹತ್ತು. 'ಗಟ್ಟಿ ಮಾಡಿದ್ರೆ ಅಂಟಂಟಾಗುತ್ತೆ, ಮಗು ಉಗುಳುತ್ತೆ' ಅಂತ ಅತ್ತೆ ಅಂದ್ರೆ ಅದಕ್ಕೂ ನಮ್ಮ ಅಜ್ಜಿಯರ ಹತ್ರನೇ ಉಪಾಯ ಇದೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು. ಮೊಳಕೆ ಬಂದಾಗ ಕಾಳಲ್ಲಿ ಹಿಟ್ಟನ್ನ ಒಡೆಯೋ ಕಿಣ್ವ ಹುಟ್ಟುತ್ತೆ, ಅದರಿಂದ ಸರಿ ಅಷ್ಟು ಬಿಗಿಯಾಗಲ್ಲ, ಜಾಸ್ತಿ ಹಿಟ್ಟು ಹಾಕಿದ್ರೂ ನಯವಾಗೇ ಇರುತ್ತೆ, ರಾಗಿಯಲ್ಲಿರೋ ಕಬ್ಬಿಣ ಮೈಗೆ ಹತ್ತೋದೂ ಸ್ವಲ್ಪ ಸುಲಭ ಆಗುತ್ತೆ. ಮನೇಲಿ ಈಗಾಗ್ಲೇ ಮಾಮೂಲಿ ರಾಗಿ ಹಿಟ್ಟು ಡಬ್ಬಿ ತುಂಬಾ ಇದ್ರೆ ಎಸೀಬೇಡಿ, ಗಟ್ಟಿಯಾಗಿ ಬೇಯಿಸಿ ಸ್ವಲ್ಪ ಆರಿದ ಮೇಲೆ ಅರ್ಧ ಟೀ ಚಮಚ ಮೊಳಕೆ ಹಿಟ್ಟು ಸೇರಿಸಿ ಕಲಸಿ, ಕೆಲವೇ ನಿಮಿಷದಲ್ಲಿ ತಾನೇ ಸಡಿಲ ಆಗುತ್ತೆ, ಮತ್ತೆ ಒಂದು ಕುದಿ ಬರಿಸಿ ಕೊಡಿ. ಬಾಟಲಿ ಬೇಡ, ಬಟ್ಟಲು ಚಮಚ.

ಆದ್ರೆ ಮೂರು ಹೊತ್ತೂ ರಾಗಿ ಬೇಡ. ರಾಗಿಯಲ್ಲಿ ಕ್ಯಾಲ್ಸಿಯಂ ಜೋರಾಗಿದೆ ನಿಜ, ಹಾಗಂತ ಅದೊಂದೇ ಸಾಲಲ್ಲ. ಮಧ್ಯಾಹ್ನಕ್ಕೆ ಅಕ್ಕಿ ಹೆಸರುಬೇಳೆ ಒಟ್ಟಿಗೆ ಮೆತ್ತಗೆ ಬೇಯಿಸಿ, ಅದರಲ್ಲೇ ಒಂದು ತುಂಡು ಕ್ಯಾರೆಟ್ಟೋ ಕುಂಬಳಕಾಯೋ ಒಂದು ಹಿಡಿ ಸೊಪ್ಪೋ ಹಾಕಿ, ಕೈಯಲ್ಲೇ ಕಿವುಚಿ, ಮೇಲೆ ತುಪ್ಪ. ಬೇಳೆ ಸಮೇತ, ಕಟ್ಟು ಅಲ್ಲ. ಮಿಕ್ಸಿ ಇನ್ನು ನಿಲ್ಲಿಸಿ, 9–10 ತಿಂಗಳೊಳಗೆ ತರಿತರಿ ಊಟ ರೂಢಿ ಆಗದ ಮಕ್ಕಳು ಆಮೇಲೆ ಸಣ್ಣ ಅಗುಳು ಸಿಕ್ಕಿದ್ರೂ ವಾಕರಿಸ್ತಾರೆ, ಅದು ಇನ್ನೊಂದು ತಲೆನೋವು. ಸಂಜೆಗೆ ಬಾಳೆಹಣ್ಣು ಕಿವುಚಿ, ಇಲ್ಲ ಬೇಯಿಸಿದ ಗೆಣಸು, ಆಲೂಗಡ್ಡೆ, ಇಲ್ಲ ಮೊಸರನ್ನ. ಹೌದು ಮೊಸರು ಕೊಡಬಹುದು, ಅದರಿಂದ ನೆಗಡಿ ಬರಲ್ಲ. ಹುರಿಗಡಲೆ ಪುಡಿ, ಕಡಲೇಬೀಜ ಹುರಿದು ನುಣ್ಣಗೆ ಮಾಡಿದ ಪುಡಿ ಒಂದೊಂದು ಚಮಚ ಸರಿಗೆ ಸೇರಿಸಿ, ಸಸ್ಯಾಹಾರಿ ಮನೇಲಿ ಇದು ದೊಡ್ಡ ಉಪಕಾರ. ಇಡೀ ಬೀಜ ಮಾತ್ರ ಯಾವ ಕಾರಣಕ್ಕೂ ಕೈಗೆ ಸಿಗಬಾರದು, ಶ್ವಾಸನಾಳಕ್ಕೆ ಹೋಗಿ ಸಿಕ್ಕಿಬಿದ್ರೆ ಜೀವಕ್ಕೇ ಬರುತ್ತೆ. ಮೊಟ್ಟೆ ತಿನ್ನೋ ಮನೆ ಆಗಿದ್ರೆ ಚೆನ್ನಾಗಿ ಬೆಂದ ಮೊಟ್ಟೆ, ಬಿಳಿ ಹಳದಿ ಎರಡೂ, ಈಗಲೇ ಕೊಡಿ ಅಂತಿದ್ದೆ, ನಿಮ್ಮಿಷ್ಟ. ಉಪ್ಪು ಸಕ್ಕರೆ ಬೆಲ್ಲ ಒಂದು ವರ್ಷದವರೆಗೆ ಬೇಕಿಲ್ಲ. ಜೇನು ಅಂತೂ ಬೇಡವೇ ಬೇಡ, ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು, ನಾಲಿಗೆಗೆ ಸವರೋದೂ ಬೇಡ.

ಎಷ್ಟು ಸಲ? ಹಗಲಲ್ಲಿ ಮೂರು ಸಲ ಇಂಥ ಊಟ, ಮಧ್ಯ ಒಂದು ಸಲ ಹಣ್ಣು ಮೊಸರು ಏನಾದ್ರೂ, ಸಲಕ್ಕೆ ಅರ್ಧ ಕಪ್ಪಿನ ಕಡೆ ನಿಧಾನಕ್ಕೆ ಏರಿಸಿ. ಒಂದಿನ ಎರಡು ಚಮಚ ತಿಂದು ಬಾಯಿ ಮುಚ್ಚಿದ್ರೆ ಅಲ್ಲಿಗೆ ಬಿಡಿ, ಮುಂದಿನ ಹೊತ್ತಿಗೆ ನೋಡೋಣ. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಒಳಲೆಯಲ್ಲಿ ಸುರಿಯೋ ಪದ್ಧತಿ ಇನ್ನೂ ಕೆಲವು ಮನೇಲಿದೆ, ನಿಮ್ಮನೇಲಿ ಇದ್ರೆ ಇವತ್ತೇ ನಿಲ್ಲಿಸಿ. ಅಳ್ತಿರೋ ಮಗುವಿನ ಊಟ ಶ್ವಾಸಕೋಶಕ್ಕೆ ಇಳಿದು ಪದೇಪದೇ ನ್ಯುಮೋನಿಯಾ ಆಗಿ ಅಡ್ಮಿಟ್ ಆದ ಮಕ್ಕಳನ್ನ ನೋಡಿದೀನಿ, ತೂಕ ಹೆಚ್ಚಿಸೋಕೆ ಹೋಗಿ ಇದ್ದಿದ್ದೂ ಇಳಿಯುತ್ತೆ. ಫೋನ್ ತೋರಿಸಿ ತಿನ್ನಿಸೋದೂ ಬೇಡ, ಅದು ಮಗು ಕಣ್ಣಲ್ಲಿ ನೋಡ್ತಾ ಬಾಯಲ್ಲಿ ನುಂಗೋದು, ಹಸಿವು ಯಾವುದು ಹೊಟ್ಟೆ ತುಂಬಿದ್ದು ಯಾವುದು ಅಂತ ಅದಕ್ಕೆ ಗೊತ್ತೇ ಆಗಲ್ಲ.

ಇನ್ನು ಬೇರೆ ಬೇರೆ ಮಾತುಗಳು. ಹಲ್ಲು ಬರೋವಾಗ ತೂಕ ಇಳಿಯುತ್ತೆ ಅಂತಾರೆ, ಒಂದೆರಡು ದಿನ ಊಟ ಕಮ್ಮಿ ಆಗಬಹುದು, ಎರಡು ತಿಂಗಳ ಕಥೆ ಅದಲ್ಲ. ಜಂತು ಅಂತಾರೆ, ಜಂತಿನ ಔಷಧಿ ಶುರು ಆಗೋದೇ ವರ್ಷ ತುಂಬಿದ ಮೇಲೆ. ದೃಷ್ಟಿ ತೆಗೆಯೋದಾದ್ರೆ ತೆಗೀರಿ, ಅದಕ್ಕೆ ನಾನು ಅಡ್ಡ ಬರಲ್ಲ, ಮಗು ಮುಖಕ್ಕೆ ಹೊಗೆ ಹಿಡೀಬೇಡಿ ಅಷ್ಟೇ. ಬಾಲಗ್ರಹ ಅಂತ ಹೇಳಿ ಯಾರಾದ್ರೂ ಬರೆ ಹಾಕೋಕೆ ಕರ್ಕೊಂಡು ಹೋಗ್ತೀವಿ ಅಂದ್ರೆ ಬಾಗಿಲು ಹಾಕ್ಕೊಳ್ಳಿ.

ಈಗ ನೀವು ಕೇಳಿದ ದಾರಿಗಳು. ಹಸಿವಿನ ಸಿರಪ್ ಮೊದಲು ಮುಗಿಸ್ತೀನಿ: ಬೇಡ. ಬಾಟಲಿ ಮೇಲೆ ಸಿಪ್ರೋಹೆಪ್ಟಡಿನ್ ಅಂತ ಇದ್ಯಾ ನೋಡಿ, ಹಸಿವಿಗೆ ಅಂತ ಕೊಡೋದ್ರಲ್ಲಿ ಸಾಮಾನ್ಯವಾಗಿ ಅದೇ ಇರುತ್ತೆ. ಅದು ಅಸಲಿಗೆ ಅಲರ್ಜಿ ಔಷಧಿ, ಹಸಿವು ಜಾಸ್ತಿ ಆಗೋದು ಅದರ ಅಡ್ಡ ಪರಿಣಾಮ, ಮಂಪರು ಇನ್ನೊಂದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡೋ ಔಷಧಿ ಅಲ್ಲ. ನಿಮ್ಮ ಮಗುವಿಗೆ ಹಸಿವಿಲ್ಲ ಅಂತಲ್ಲ, ಹಸಿದು ಕೇಳಿದಾಗ ಸಿಗೋದು ನೀರು. ಮಲ್ಟಿವಿಟಮಿನ್ ಹನಿಗಳಿಂದ ತೂಕ ಏರಲ್ಲ, ಆದ್ರೆ ವಿಟಮಿನ್ ಡಿ ದಿನಾ 400 ಯೂನಿಟ್ ವರ್ಷ ತುಂಬೋವರೆಗೂ ಮುಂದುವರಿಸಿ. ಕಬ್ಬಿಣಾಂಶದ ಸಿರಪ್ ಮಾತ್ರ ಮರೀಬೇಡಿ, ಹುಟ್ಟುವಾಗ ತಂದ ಕಬ್ಬಿಣ 6 ತಿಂಗಳಿಗೆ ಖರ್ಚಾಗಿರುತ್ತೆ, ಎದೆಹಾಲಲ್ಲಿ ಅದು ಕಮ್ಮಿ, ರಕ್ತಹೀನತೆ ಆದ್ರೆ ಮಗು ಊಟನೂ ಬೇಡ ಅನ್ನುತ್ತೆ. ಆಶಾ ಕಾರ್ಯಕರ್ತೆಯರು ಕೊಡೋ ಸಿರಪ್ ವಾರಕ್ಕೆ ಎರಡು ಸಲ 1 ಎಂಎಲ್, ಕೊಟ್ಟಾಗ ಕಕ್ಕ ಕಪ್ಪಗೆ ಹೋಗುತ್ತೆ, ಹೆದರಬೇಡಿ.

ಫಾರ್ಮುಲಾ ವಿಷ ಅಲ್ಲ, ಅಮೃತವೂ ಅಲ್ಲ. ಹಗಲು ನೀವು ಇಲ್ಲದಾಗ ಮಗುವಿಗೆ ಯಾವುದೋ ಒಂದು ಹಾಲು ಬೇಕು ಅನ್ನೋದು ಸರಿ, ನನ್ನ ಮೊದಲ ಆಯ್ಕೆ ನಿಮ್ಮದೇ ಹಾಲು ಹಿಂಡಿ ಇಟ್ಟು ಹೋಗೋದು. ಹೊರಗೆ 4 ಗಂಟೆ, ಫ್ರಿಜ್‌ನಲ್ಲಾದ್ರೆ ನಮ್ಮ ಕರೆಂಟಿನ ಕಥೆ ನೆನಪಿಟ್ಕೊಂಡು 24 ಗಂಟೆ ಅಂತ ಲೆಕ್ಕ ಇಟ್ಕೊಳ್ಳಿ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ ಲೋಟದಲ್ಲಿ ಕೊಡಬೇಕು, ಸ್ಟವ್ ಮೇಲೆ ಕುದಿಸಬಾರದು. ಬ್ಯಾಂಕಲ್ಲೂ ಹಿಂಡಬೇಕಾಗುತ್ತೆ, ಇಲ್ಲಾಂದ್ರೆ ಹಾಲು ಇಳಿಯುತ್ತೆ. ಹೆರಿಗೆ ಸೌಲಭ್ಯದ ಕಾನೂನಲ್ಲಿ ಮಗುವಿಗೆ 15 ತಿಂಗಳಾಗೋವರೆಗೆ ದಿನಕ್ಕೆ ಎರಡು ಹಾಲೂಡಿಸೋ ಬ್ರೇಕ್ ಇದೆ, ಕೇಳೋಕೆ ಮುಜುಗರ ಬೇಡ, ಯಾರೂ ದಯೆ ತೋರಿಸ್ತಿರೋದಲ್ಲ ಅದು. 50 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡೋ ಕಡೆ ಕ್ರೆಶ್ (ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಇರಬೇಕು ಅಂತಲೂ ಅದರಲ್ಲಿ ಇದೆ, ತುಮಕೂರಿನ ಬ್ರಾಂಚಲ್ಲಿ ಅಷ್ಟು ಜನ ಇರ್ತಾರಾ, ಅನುಮಾನ. ಹಿಂಡಿದ್ರೂ ಸಾಲ್ತಿಲ್ಲ ಅಂತಾದ್ರೆ ಹಗಲಿಗೆ ಒಂದು ಅಥವಾ ಎರಡು ಸಲ ಫಾರ್ಮುಲಾ ಕೊಡಿ, ತಪ್ಪಿತಸ್ಥ ಭಾವನೆ ಬೇಡ. ಆದ್ರೆ ಅದರ ತೊಂದರೆ ಗೊತ್ತಿರಲಿ. ಡಬ್ಬಿ ಮೇಲೆ ಬರೆದ ಅಳತೆಗಿಂತ ನೀರು ಜಾಸ್ತಿ ಹಾಕಿ 'ಡಬ್ಬಿ ತಿಂಗಳು ಪೂರ್ತಿ ಬರಲಿ' ಅಂತ ಮಾಡೋರು ತುಂಬಾ, ಆಗ ಮತ್ತೆ ಅದೇ ನೀರಿನ ಕಥೆ. ಬಾಟಲಿ ಸರಿಯಾಗಿ ಕುದಿಸದೆ ಇದ್ರೆ ಭೇದಿ, ಒಂದು ಭೇದಿಗೆ ತಿಂಗಳ ತೂಕ ಹೋಗುತ್ತೆ. ಹೊಟ್ಟೆ ತುಂಬಾ ಫಾರ್ಮುಲಾ ಕುಡಿದ ಮಗು ಊಟನೂ ಮಾಡಲ್ಲ, ಸಂಜೆ ನೀವು ಬಂದಾಗ ಎದೆನೂ ಹಿಡಿಯಲ್ಲ. ಹಸುವಿನ ಹಾಲು, ಪ್ಯಾಕೆಟ್ ಹಾಲು ಕುಡಿಯೋಕೆ ಅಂತ ವರ್ಷದೊಳಗೆ ಬೇಡ, ಕಬ್ಬಿಣ ಇಲ್ಲ, ಮೇಲಾಗಿ ಕೆಲವು ಮಕ್ಕಳ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರಿಸುತ್ತೆ. ಬಿಸ್ಕೆಟ್ ನೆನೆಸೋ ಹಾಲೂ ಅದೇ ಅಲ್ವಾ, ಅದನ್ನೂ ಬಿಟ್ಬಿಡಿ.

ಟೆಸ್ಟ್ ವಿಷಯ. ಇವತ್ತೇ ರಕ್ತ ತೆಗೆಸಿ ಹತ್ತು ಟೆಸ್ಟಿನ ಪ್ಯಾಕೇಜ್ ಮಾಡಿಸಿ ಅಂತ ನಾನು ಹೇಳಲ್ಲ, ಮಗುವನ್ನ ಮುಟ್ಟಿ ನೋಡದೆ ಇಲ್ಲಿಂದ ಅದನ್ನ ನಿರ್ಧರಿಸೋಕೂ ಆಗಲ್ಲ. ಈ ವಾರ ನಿಮ್ಮ ಮಕ್ಕಳ ಡಾಕ್ಟರ್ ಹತ್ರ ಒಂದ್ಸಲ ತೋರಿಸಿ, ಅವರು ಎದೆ ಬಡಿತ ಕೇಳಲಿ, ಹೊಟ್ಟೆ ಮುಟ್ಟಿ ನೋಡಲಿ, ತಲೆ ಸುತ್ತಳತೆ ಅಳೀಲಿ. ಎಲ್ಲ ಸರಿ ಇದ್ರೆ ನಾಲ್ಕು ವಾರ ಊಟ ಬದಲಾಯಿಸಿ ನೋಡಿ. ಆ ನಾಲ್ಕು ವಾರದಲ್ಲಿ 250–300 ಗ್ರಾಂ ಬಂದ್ರೆ ಕಾರಣ ಸಿಕ್ತು, ಇನ್ನೇನೂ ಹುಡುಕೋದು ಬೇಡ. 150ಕ್ಕಿಂತ ಕಮ್ಮಿ ಬಂದ್ರೆ ನಾನಾದ್ರೆ ಹಿಮೋಗ್ಲೋಬಿನ್ ಸಮೇತ ಒಂದು ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಕಲ್ಚರ್ (ಸೋಂಕಿನ ರೋಗಾಣು ಬೆಳೆಸಿ ನೋಡೋದು) ಸಮೇತ, ಹುಟ್ಟಿದಾಗ ಥೈರಾಯ್ಡ್ ನೋಡಿರದೇ ಇದ್ರೆ ಅದು, ಇಷ್ಟರಿಂದ ಶುರು ಮಾಡ್ತೀನಿ. ಮೂತ್ರದ ಸೋಂಕು ಕಳ್ಳ ಕಾಯಿಲೆ, ಹೆಣ್ಣು ಮಕ್ಕಳಲ್ಲಿ ಜ್ವರ ಕೂಡ ಸರಿಯಾಗಿ ಬರದೆ ತೂಕ ತಿಂತಾ ಕೂರುತ್ತೆ, ಅದಕ್ಕೇ ನಾನು ಮೂತ್ರ ಮರೆಯಲ್ಲ. ಕಾಯೋದ್ರಲ್ಲಿ ರಿಸ್ಕ್ ಇಲ್ವಾ ಅಂದ್ರೆ, ಮಗು ಆಟ ಆಡ್ತಾ ಹೊಸ ಹೊಸ ಕೆಲಸ ಕಲೀತಾ ಇದ್ರೆ ನಾಲ್ಕು ವಾರದಲ್ಲಿ ಏನೂ ಕೈ ಮೀರಲ್ಲ. ನಾಲ್ಕು ತಿಂಗಳು ಕಾಯೋದು ತಪ್ಪು.

ಆದ್ರೆ ಇವುಗಳಲ್ಲಿ ಯಾವುದು ಕಂಡ್ರೂ ನಾಲ್ಕು ವಾರ ಅನ್ನೋ ಮಾತಿಲ್ಲ, ಅವತ್ತೇ ಹೋಗಿ: ಹಾಲು ಕುಡಿಯೋವಾಗ ಹಣೆ ಬೆವರೋದು, ಏದುಸಿರು, ಮಧ್ಯ ಮಧ್ಯ ನಿಲ್ಲಿಸಿ ಸುಸ್ತಾಗೋದು, ಅದು ಹೃದಯದ ತೊಂದರೆ ಆಗಿರಬಹುದು. ದಿನಕ್ಕೆ ಆರಕ್ಕಿಂತ ಕಮ್ಮಿ ಸಲ ಉಚ್ಚೆ. ಬಿಡದೆ ವಾಂತಿ, ವಾರಗಟ್ಟಲೆ ಭೇದಿ, ಕಕ್ಕದಲ್ಲಿ ರಕ್ತ. ಪದೇಪದೇ ಜ್ವರ, ಬಿಡದ ಕೆಮ್ಮು, ಮನೇಲಿ ಯಾರಿಗಾದ್ರೂ ಟಿಬಿ. ಕಲಿತಿದ್ದನ್ನ ಬಿಡೋದು, ಮಂಕಾಗೋದು. ತೂಕ ಏರದೆ ಇರೋದು ಬೇರೆ, ಇಳಿಯೋದು ಬೇರೆ, ಇಳಿದ್ರೆ ಕಾಯಬೇಡಿ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ ಇದ್ರೆ ಅದು ತೀವ್ರ ಅಪೌಷ್ಟಿಕತೆ, ಅಂಥ ಮಕ್ಕಳಿಗೆ ಜಿಲ್ಲಾಸ್ಪತ್ರೆಯಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಇರುತ್ತೆ, ತಾಯಿ ಜೊತೆಗೇ ಇಟ್ಕೊಂಡು ನೋಡ್ತಾರೆ. ನಿಮ್ಮ ಮಗು ಅದರಿಂದ ದೂರ ಇದೆ, ಓದೋ ಬೇರೆಯವರಿಗೂ ಗೊತ್ತಿರಲಿ ಅಂತ ಬರೆದೆ. ಇನ್ನೊಂದು, ಇದನ್ನ ಓದ್ತಿರೋರ ಮಗು ದಿನ ತುಂಬದೆ ಹುಟ್ಟಿದ್ರೆ ಮೇಲಿನ ಲೆಕ್ಕ ಹಾಗೇ ಹಾಕಬೇಡಿ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟು ಕಳೆದು ಚಾರ್ಟ್ ನೋಡಬೇಕು.

ನೀವು ಕೆಲಸಕ್ಕೆ ಹೋಗಿದ್ದಕ್ಕೆ ಆಯ್ತಾ ಅನ್ನೋದಕ್ಕೆ ಬರ್ತೀನಿ. ಹಗಲಿನ ಹಾಲು ಕಮ್ಮಿ ಆಗಿದ್ದು ಒಂದು ಪಾಲು ನಿಜ, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಆದ್ರೆ ಕೆಲಸ ಬಿಡಬೇಕಾದಷ್ಟು ಏನೂ ಆಗಿಲ್ಲ, ಬಟ್ಟಲು ಗಟ್ಟಿ ಆದ್ರೆ ಸಾಕು. ಅತ್ತೆನ ಇದರಲ್ಲಿ ಆರೋಪಿ ಮಾಡಬೇಡಿ, ಒಂಬತ್ತು ಗಂಟೆ ಮಗು ನೋಡ್ಕೊಳ್ಳೋದು ಚಿಕ್ಕ ಕೆಲಸ ಅಲ್ಲ. ತೂಗಿಸೋಕೆ ಹೋಗೋವಾಗ ಅವರನ್ನೂ ಕರ್ಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ, ಸೊಸೆ ಹೇಳಿದ್ರೆ ಒಂದು ತರ ಕೇಳಿಸುತ್ತೆ, ಡಾಕ್ಟರ್ ಹೇಳಿದ್ರೆ ಇನ್ನೊಂದು ತರ, ಎಲ್ಲ ಮನೇಲೂ ಅಷ್ಟೇ.

ರಾತ್ರಿ ಎಬ್ಬಿಸಿ ಕೊಡಬೇಕಾ ಅಂದ್ರಿ. 8 ತಿಂಗಳ ಮಗುವನ್ನ ಅಲಾರಂ ಇಟ್ಟು ಎಬ್ಬಿಸೋದು ಬೇಡ, ಆದ್ರೆ ತಾನಾಗಿ ಎದ್ದು ಹುಡುಕಿದ್ರೆ ಕೊಡಿ, 'ರಾತ್ರಿ ಹಾಲು ಬಿಡಿಸಬೇಕು' ಅಂತ ಯಾರಾದ್ರೂ ಅಂದ್ರೆ ಸದ್ಯಕ್ಕೆ ಕಿವಿಗೆ ಹಾಕ್ಕೋಬೇಡಿ, ಹಗಲು ಹೋಗಿದ್ದನ್ನ ಅವಳು ರಾತ್ರಿ ವಸೂಲಿ ಮಾಡ್ತಿದಾಳೆ. ನೀವು ಮಲಗೋ ಮುಂಚೆ, ಹತ್ತೂವರೆ ಹನ್ನೊಂದಕ್ಕೆ, ನಿದ್ದೆಗಣ್ಣಲ್ಲೇ ಎತ್ಕೊಂಡು ಒಂದು ಸಲ ಕುಡಿಸಿ ಮಲಗಿದ್ರೆ ನಿಮಗೂ ಸ್ವಲ್ಪ ನಿದ್ದೆ ಆಗುತ್ತೆ. ಮುಂದಿನ ತಿಂಗಳ ತೂಕ, ನಿಮ್ಮ ಬಿ12 ರಿಪೋರ್ಟ್ ಎರಡನ್ನೂ ಬರೆದು ಕಳಿಸಿ, ಯಾವ ಮಷೀನಲ್ಲಿ ತೂಗಿದ್ದು ಅನ್ನೋದರ ಸಮೇತ.